ಹಳೆಯ ಪಿನ್ನು

ಬೈಕು ಮನೆಗೆ ಬಂದದ್ದು ಒಂದು ಶನಿವಾರ ಮಧ್ಯಾಹ್ನ, ಸರಕು ಸಾಗಿಸುವ ಟೆಂಪೊದಲ್ಲಿ, ಎರಡು ಸಿಮೆಂಟ್ ಮೂಟೆಗಳ ನಡುವೆ ಮಲಗಿಕೊಂಡು. ಐದು ತಿಂಗಳು ಪೊಲೀಸ್ ಠಾಣೆಯ ಹಿಂದೆ ಬಿಸಿಲು ಮಳೆಗೆ ಬಿದ್ದಿತ್ತು. ಮುಂದಿನ ಚಕ್ರ ಒಂದು ಕಡೆ ನೋಡುತ್ತಿತ್ತು, ಹ್ಯಾಂಡಲ್ ಇನ್ನೊಂದು ಕಡೆ. ಟೆಂಪೊದವನು ಇಳಿಸುತ್ತಾ, "ಇದನ್ನ ಗುಜರಿಗೆ ಹಾಕೋದು ಬಿಟ್ಟು ಮನೆಗ್ಯಾಕೆ ತಂದ್ರಿ ಯಜಮಾನ್ರೇ?" ಎಂದ. ಮಾವ ಹ್ಯಾಂಡಲ್ ಹಿಡಿದು ಇಳಿಸಿಕೊಂಡರು. ನಾನು ಬಾಗಿಲಲ್ಲಿ ನಿಂತಿದ್ದೆ. ಅಳು ಬರಬೇಕಿತ್ತು, ಬರಲಿಲ್ಲ. ಸೀಟಿನ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ, ಒರೆಸಬೇಕು ಅಂದುಕೊಂಡೆ, ಅಷ್ಟೆ.

ನನ್ನ ಗಂಡ ಸತ್ತದ್ದು ಆ ಬೈಕಿನ ಮೇಲೆಯೇ. ಒಂದು ಗುರುವಾರ ಬೆಳಗ್ಗೆ ಎಂಟೂವರೆಗೆ, ಹಿಟ್ಟಿನ ಗಿರಣಿಯ ಪಕ್ಕದ ಇಳಿಜಾರಿನಲ್ಲಿ. ಕೆಳಗೆ ಲಾರಿ ನಿಂತಿತ್ತು, ಇವರು ನಿಲ್ಲಲಿಲ್ಲ. ಪೊಲೀಸರು ಕಾಗದದಲ್ಲಿ ಅತಿವೇಗ ಅಂತ ಬರೆದುಕೊಂಡರು. ಒಂಬತ್ತು ವರ್ಷದ ಸಂಸಾರದಲ್ಲಿ ಆ ಮನುಷ್ಯ ಅತಿವೇಗದಲ್ಲಿ ಏನನ್ನಾದರೂ ಮಾಡಿದ್ದು ನಾನು ಕಾಣೆ. ಒಂದು ಲೋಟ ಚಹಾ ಕುಡಿಯುವುದಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು.

ಅದಕ್ಕೆ ನಾಲ್ಕು ದಿನ ಮುಂಚೆ, ಭಾನುವಾರ, ಅದೇ ಬೈಕಿನ ಹಿಂದಿನ ಬ್ರೇಕನ್ನು ಮಾವ ಕೈಯಾರೆ ಬಿಚ್ಚಿ ಹೊಸ ಬ್ರೇಕ್ ಶೂ ಹಾಕಿದ್ದರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಆಡಿರಲಿಲ್ಲ.

ಮಾವ ಮೆಕ್ಯಾನಿಕ್ ಅಲ್ಲ. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸಿ ನಿವೃತ್ತರಾದವರು. ಗ್ಯಾರೇಜಿನವರು ಒಳ್ಳೆಯ ಪಾರ್ಟು ಬಿಚ್ಚಿಕೊಂಡು ಕೆಟ್ಟದ್ದು ಹಾಕಿ ಕಳಿಸುತ್ತಾರೆ ಅನ್ನುವುದು ಅವರ ಗಟ್ಟಿ ನಂಬಿಕೆ. ಬೈಕಿನ ಜೊತೆ ಬಂದ ಪುಸ್ತಕವನ್ನು ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದೆಳೆದು ಓದಿದ್ದಾರೆ. ಪ್ರತಿ ಭಾನುವಾರ ಅಂಗಳದಲ್ಲಿ ಗೋಣಿಚೀಲ ಹಾಸಿ ಅಪ್ಪ ಮಗ ಇಬ್ಬರೂ ಏನಾದರೊಂದು ಬಿಚ್ಚುವುದು, ಮತ್ತೆ ಹಾಕುವುದು. ಎಲ್ಲ ಹಾಕಿದ ಮೇಲೂ ಒಂದು ಬೋಲ್ಟು ಉಳಿದರೆ ಇಬ್ಬರೂ ನಗುವುದು. ಆ ನಗುವನ್ನು ಕೇಳಿ ನಾನೂ ನಕ್ಕಿದ್ದೇನೆ.

ಇನ್ನು ಅತ್ತೆ. ಆ ಗುರುವಾರದಿಂದ ಮಾವನ ಜೊತೆ ಮಾತು ಬಿಟ್ಟಿದ್ದರು. ಮೊದಲಾದರೆ ಅವರ ದನಿ ಬೀದಿಯ ಕೊನೆಗೆ ಕೇಳುತ್ತಿತ್ತು: "ಊಟಕ್ಕೆ ಬನ್ರೀ, ಆರುತ್ತೆ!" ಒಂದು ಊಟಕ್ಕೆ ಮೂರು ಸಲ ಕರೆಯುವುದು, ಮೂರನೆಯದಕ್ಕೆ ಮಾವ ಏಳುವುದು, ಇದು ಮನೆಯ ಪದ್ಧತಿ. ಈಗ ತಟ್ಟೆ ಹಾಕಿ ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾರೆ. ಮಾತೆಲ್ಲ ನನ್ನ ಮಗಳ ಮೂಲಕ. ಪುಟ್ಟಿಗೆ ಏಳು ವರ್ಷ.

"ಪುಟ್ಟಿ, ತಾತಂಗೆ ಕೇಳು, ಅನ್ನ ಬೇಕಾ ಅಂತ."

"ತಾತ, ಅನ್ನ ಬೇಕಾ ಅಂತೆ."

"ಸಾಕು ಅನ್ನು."

"ಅಜ್ಜಿ, ಸಾಕಂತೆ."

ಅಜ್ಜಿಗೂ ತಾತನಿಗೂ ನಡುವೆ ನಾಲ್ಕು ಹೆಜ್ಜೆ ದೂರ. ಮಗನನ್ನು ಕೊಂದವರ ಜೊತೆ ಏನು ಮಾತು ಅಂತ ಅತ್ತೆಗೆ ಸಿಟ್ಟು ಅಂತಲೇ ನಾನು ತಿಳಿದಿದ್ದೆ. ತಪ್ಪು ಅಂತಲೂ ಅನಿಸಿರಲಿಲ್ಲ. ನನಗಂತೂ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ಬೆಳಗ್ಗೆ ಎದ್ದು ಎರಡು ಬಸ್ಸು ಹತ್ತಿ ಅಂಗಿ ಹೊಲಿಯುವ ಕಾರ್ಖಾನೆಗೆ ಹೋಗುತ್ತಿದ್ದೆ. ಅಲ್ಲಿ ನಾನು ಚೆಕ್ಕರ್. ದಿನಕ್ಕೆ ಆರುನೂರು ಕಾಲರ್ ಕೈಗೆ ಬರುತ್ತವೆ. ಹೊಲಿಗೆ ತಪ್ಪಿದ ಕಡೆ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ಸು ಕಳಿಸುವುದು. ಗಂಡ ಸತ್ತ ಹನ್ನೆರಡನೇ ದಿನಕ್ಕೆ ಕೆಲಸಕ್ಕೆ ಹೋದೆ. ಆವತ್ತೂ ಒಂದು ಕಾಲರ್ ಕಣ್ತಪ್ಪಿ ಹೋಗಲಿಲ್ಲ.

ಬೈಕು ಬಂದ ಸಂಜೆ ಅತ್ತೆ ನನ್ನನ್ನು ಕೇಳಿದರು, ಮಾವನಿಗೆ ಕೇಳಿಸುವ ಹಾಗೆ. "ಅದನ್ನ ಯಾಕೆ ತಂದಿದ್ದಂತೆ?"

ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ರಿಪೇರಿ ಮಾಡಿ ಇವಳಿಗೆ ಕೊಡ್ತೀನಿ. ಎರಡು ಬಸ್ಸು ಹತ್ತಿ ಸಾಯ್ತಾಳೆ ದಿನಾ."

"ನಂಗೆ ಸೈಕಲ್ಲೂ ಬರಲ್ಲ ಮಾವ."

"ಕಲೀತೀಯ."

"ಅಮ್ಮ ಬೀಳ್ತಾಳೆ," ಎಂದಳು ಪುಟ್ಟಿ.

ನನಗಾಗಿ ತಂದದ್ದಲ್ಲ ಅಂತ ನನಗೆ ಗೊತ್ತಿತ್ತು. ಮಾವನಿಗೆ ಬೇಕಿದ್ದದ್ದು ಒಂದೇ: ಆ ಬ್ರೇಕು ತಮ್ಮ ಕೈಯಿಂದ ಕೆಟ್ಟಿತ್ತೋ ಇಲ್ಲವೋ ಅಂತ ಕಣ್ಣಾರೆ ನೋಡುವುದು. ನೋಡುವುದಕ್ಕೆ ಬಿಚ್ಚಬೇಕು. ಬಿಚ್ಚುವುದಕ್ಕೆ ರಿಪೇರಿ ಅಂತ ಒಂದು ಹೆಸರು ಬೇಕು.

ಮರುದಿನ ಬೆಳಗ್ಗೆಯೇ ಅತ್ತೆಯ ತಮ್ಮ ಬಂದರು. ಮೂವತ್ತು ವರ್ಷ ಬಸ್ಸು ಓಡಿಸಿದವರು, ಹಾಗಾಗಿ ನೆಂಟರಿಗೆಲ್ಲ ಅವರು ಡ್ರೈವರ್. ಬಸ್ಸು ಕೆಟ್ಟರೆ ಡಿಪೊಗೆ ಫೋನು ಮಾಡಿ ಮರದ ಕೆಳಗೆ ಮಲಗುತ್ತಿದ್ದರೇ ಹೊರತು ಎಂದೂ ಇಂಜಿನ್ನಿಗೆ ಕೈ ಹಾಕಿದವರಲ್ಲ.

"ಭಾವ, ಇಂಜಿನ್ ಅಂದ್ರೆ ಇಂಜಿನ್ನೇ. ದೊಡ್ಡದಾದ್ರೇನು, ಚಿಕ್ಕದಾದ್ರೇನು?" ಅಂತ ತೋಳು ಮಡಚಿದರು.

"ದೊಡ್ಡದನ್ನ ನೀನು ಯಾವಾಗ ಬಿಚ್ಚಿದ್ದೆ ಡ್ರೈವರೇ?"

"ಬಿಚ್ಚೋದು ನೋಡಿದ್ದೀನಲ್ಲ."

ಒಳಗಿನಿಂದ ಅತ್ತೆಯ ದನಿ ಬಂತು. "ಲೋ, ನಾನು ಟೀವೀಲಿ ಆಪರೇಷನ್ ನೋಡಿದ್ದೀನಿ. ನಿನ್ನ ಹೊಟ್ಟೆ ಕೊಯ್ಲಾ?"

ಮಾವ ಸಣ್ಣಗೆ ನಕ್ಕರು. ಒಳಗೆ ಪಾತ್ರೆ ತಿಕ್ಕುವ ಸದ್ದು ಜೋರಾಯಿತು.

ಮಾವ ರಟ್ಟಿನ ಪೆಟ್ಟಿಗೆ ಕತ್ತರಿಸಿ ಅಂಚೆ ಕಚೇರಿಯಲ್ಲಿದ್ದಂಥ ಖಾನೆಗಳನ್ನು ಮಾಡಿಕೊಂಡರು. ಒಂದೊಂದು ಖಾನೆಗೂ ಚೀಟಿ: ಮುಂದಿನ ಚಕ್ರ, ಟ್ಯಾಂಕು, ಇಂಜಿನ್ ಬಲಬದಿ, ಹಿಂದಿನ ಬ್ರೇಕು. ಎಲ್ಲಿಯದೆಂದು ಗೊತ್ತಾಗದ ಪಾರ್ಟುಗಳಿಗೆ ಕೊನೆಯಲ್ಲಿ ಒಂದು ದೊಡ್ಡ ಖಾನೆ. ಅದರ ಮೇಲೆ 'ವಿಳಾಸ ತಿಳಿಯದ್ದು' ಅಂತ ದುಂಡಗೆ ಬರೆದರು. ಡ್ರೈವರ್ ಕೈ ಹಾಕಿದ ಮೇಲೆ ಎಲ್ಲಕ್ಕಿಂತ ಮೊದಲು ತುಂಬಿದ್ದು ಅದೇ.

ಅಡುಗೆಮನೆಯ ಪಾತ್ರೆಗಳು ಒಂದೊಂದಾಗಿ ಅಂಗಳಕ್ಕೆ ಇಳಿದವು.

"ಲೋ, ಹಿಟ್ಟು ಕಲಸೋ ಬೇಸಿನ್ ಎಲ್ಲೋ?"

"ಸೀಮೆಎಣ್ಣೇಲಿ ಚೈನು ನೆನೆ ಹಾಕಿದ್ದೀನಿ ಅಕ್ಕ."

"ಹಂಗಾದ್ರೆ ಸಂಜೆಗೆ ಚೈನೇ ಬೇಯಿಸಿ ಹಾಕ್ತೀನಿ, ಅಗಿದು ತಿನ್ನು."

"ಉಪ್ಪು ಸ್ವಲ್ಪ ಕಮ್ಮಿ ಹಾಕು, ಬೀಪಿ ಇದೆ."

ಡ್ರೈವರ್ ಮಾಡಿದ ಅವಾಂತರ ಒಂದೆರಡಲ್ಲ. ಕೆಳಗಿನ ಬೋಲ್ಟು ಹಾಕುವುದನ್ನು ಮರೆತು ಮೇಲಿನಿಂದ ಒಂದು ಡಬ್ಬಿ ಹೊಸ ಎಣ್ಣೆ ಸುರಿದರು. ಎಣ್ಣೆ ಪೂರ್ತಿ ನೆಲಕ್ಕಿಳಿದು ಮೆಟ್ಟಿಲವರೆಗೆ ಹರಿಯಿತು. ಅತ್ತೆ ಜಾರಿ ಕೂತರು, ಎರಡು ದಿನ ಸೊಂಟ ಹಿಡಿದುಕೊಂಡೇ ಓಡಾಡಿದರು. ಇನ್ನೊಂದು ದಿನ ಪೆಟ್ರೋಲಿನಲ್ಲಿ ತೊಳೆದ ಬಟ್ಟೆಯ ಪಕ್ಕ ಕೂತು ಬೀಡಿ ಹಚ್ಚಿದರು. ಬಟ್ಟೆ ಭಗ್ಗೆಂದಿತು, ಅವರ ಎಡಗಡೆಯ ಹುಬ್ಬು ಹೋಯಿತು. ಮಾವ ಒಂದು ಬಕೆಟ್ ನೀರು ತಂದು ಡ್ರೈವರ್ ಮೇಲೆಯೇ ಸುರಿದರು. ಅಂಗಳದಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗು ಬಾಯಿಂದ ಬರುತ್ತಿತ್ತು, ಎಲ್ಲಿಂದ ಹೊರಟಿತ್ತು ಅಂತ ಗೊತ್ತಾಗಲಿಲ್ಲ.

ಎರಡನೇ ವಾರ ಒಂದು ಸಣ್ಣ ಸ್ಕ್ರೂ ಕಳೆದುಹೋಯಿತು. ಇಬ್ಬರೂ ನೆಲದ ಮೇಲೆ ಕೈಯಾಡಿಸಿ ಹುಡುಕಿದರು. ಕೊನೆಗೆ ಮಾವ, "ಪುಟ್ಟಿ, ಅಜ್ಜಿ ಡಬ್ಬಿ ತಗೊಂಡು ಬಾ," ಎಂದರು.

ಈ ಡಬ್ಬಿಯ ವಿಷಯ ಹೇಳಬೇಕು. ನಮ್ಮನೆಯಲ್ಲಿ ಕಸ ಗುಡಿಸುವಾಗ ಸಿಕ್ಕಿದ್ದು ಏನೇ ಆಗಲಿ ಎಸೆಯುವಂತಿಲ್ಲ. ಗುಂಡಿ, ಮೊಳೆ, ಪೆನ್ನಿನ ಮುಚ್ಚಳ, ವಾಷರ್, ಪುಟ್ಟಿಯ ಮೊದಲ ಹಲ್ಲು, ಎಲ್ಲವೂ ಬಿಸ್ಕತ್ತಿನ ಒಂದು ಹಳೆಯ ಟಿನ್ನಿಗೆ. 'ಏನಕ್ಕಾದರೂ ಬೇಕಾಗುತ್ತೆ' ಅಂತ ಅತ್ತೆ. ಯಾರದೇನು, ಎಲ್ಲಿಯದು ಅಂತ ಕೇಳುವ ಅಭ್ಯಾಸವಿಲ್ಲ. ಸಿಕ್ಕಿತು, ಡಬ್ಬಿಗೆ ಬಿತ್ತು, ಮುಗಿಯಿತು.

ಪುಟ್ಟಿ ಬರಿಗೈಯಲ್ಲಿ ಬಂದಳು. "ಡಬ್ಬಿ ಇಲ್ವಂತೆ. ಬಿಸಾಕಿದಳಂತೆ."

"ಬಿಸಾಕಿದ್ಲಾ?" ಡ್ರೈವರ್ ಕಣ್ಣರಳಿಸಿದರು. "ಹರಿದ ಚಪ್ಪಲಿ ಬಿಸಾಕೋಕೆ ಮೂರು ವರ್ಷ ಯೋಚನೆ ಮಾಡ್ತಾಳೆ ನಮ್ಮಕ್ಕ!"

"ಬಿಸಾಕಿದೆ ಅಂದ್ರೆ ಬಿಸಾಕಿದೆ," ಅತ್ತೆ ಒಳಗಿನಿಂದ ಕಿರುಚಿದರು. "ಒಂದು ಸ್ಕ್ರೂಗೆ ಇಷ್ಟು ರಾಮಾಯಣನಾ? ಅಂಗಡೀಲಿ ಸಿಗಲ್ವಾ?"

ಅಷ್ಟು ಸಿಟ್ಟೇಕೆ ಅಂತ ನಾನು ಕೇಳಲಿಲ್ಲ. ಆ ದಿನಗಳಲ್ಲಿ ಯಾವುದಕ್ಕೂ ಯಾಕೆ ಅಂತ ಕೇಳುವ ಚೈತನ್ಯ ನನಗಿರಲಿಲ್ಲ.

ಮೂರನೇ ಭಾನುವಾರ ಹಿಂದಿನ ಚಕ್ರ ಬಿಚ್ಚಿದರು. ಅಲ್ಲಿಯವರೆಗೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬಿಚ್ಚಿ ಆಗಿತ್ತು. ನಾನು ಬಟ್ಟೆ ಒಣಹಾಕುತ್ತಿದ್ದೆ. ಪುಟ್ಟಿ ತಾತನ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದಳು.

"ಇದೇನು ತಾತ?"

"ಬ್ರೇಕ್ ತಟ್ಟೆ. ಬ್ರೇಕ್ ಒತ್ತಿದಾಗ ಇದು ಚಕ್ರದ ಜೊತೆ ಸುತ್ತಬಾರ್ದು. ಸುತ್ತಿದ್ರೆ ಬ್ರೇಕೇ ಇಲ್ಲ. ಅದಕ್ಕೆ ಈ ಪಟ್ಟಿ ಹಿಡ್ಕೊಂಡಿರುತ್ತೆ. ಪಟ್ಟಿಗೆ ಇಲ್ಲೊಂದು ಬೋಲ್ಟು, ಬೋಲ್ಟಿಗೆ ನಟ್ಟು. ನಟ್ಟು ಅಲ್ಲಾಡಿ ಬಿಚ್ಕೊಳ್ದೆ ಇರ್ಲಿ ಅಂತ ಒಂದು ಪಿನ್ನು."

"ಎಲ್ಲಿ ಪಿನ್ನು?"

"ಇಲ್ಲ."

"ಬೋಲ್ಟು?"

"ಅದೂ ಇಲ್ಲ."

ಪಟ್ಟಿ ಕೆಳಗೆ ಜೋತು ಬಿದ್ದಿತ್ತು. ಬೋಲ್ಟಿನ ತೂತು ಖಾಲಿ ಇತ್ತು. ಡ್ರೈವರ್ ಗಂಟಲು ಸರಿ ಮಾಡಿಕೊಂಡು, "ಲಾರಿಗೆ ಗುದ್ದಿದಾಗ ಕಿತ್ಕೊಂಡು ಹೋಗಿದೆ ಪುಟ್ಟಿ," ಎಂದರು.

"ಇಲ್ಲಾಂದ್ರೆ ಮೊದ್ಲೇ ಬಿದ್ದು ಹೋಗಿತ್ತು," ಎಂದರು ಮಾವ.

"ಬಿಡಿ ಭಾವ."

ಮಾವ ಜೇಬಿನಿಂದ ಹೊಸ ಪಿನ್ನೊಂದನ್ನು ತೆಗೆದು ಪುಟ್ಟಿಯ ಅಂಗೈಗೆ ಹಾಕಿದರು. ತಲೆಗೆ ಸಿಕ್ಕಿಸಿಕೊಳ್ಳುವ ಹೇರ್‌ಪಿನ್ನಿನಂಥದ್ದೇ, ಚಿಕ್ಕದು, ಮೇಲೊಂದು ಕುಣಿಕೆ, ಕೆಳಗೆ ಎರಡು ಕಾಲು.

"ನೋಡು. ಹೊಸದರ ಕಾಲು ನೆಟ್ಟಗಿರುತ್ತೆ. ತೂತಲ್ಲಿ ತೂರಿಸಿ ಆ ಕಡೆ ಕಾಲು ಅಗಲ ಮಾಡಿ ಮಡಚಿದ್ರೆ ಆಯ್ತು, ಎಲ್ಲೂ ಹೋಗಲ್ಲ. ಒಂದ್ಸಲ ಮಡಚಿದ್ದು ಮತ್ತೆ ಮೊದಲಿನ ಹಾಗೆ ನೆಟ್ಟಗಾಗಲ್ಲ. ಅದಕ್ಕೇ ಬಿಚ್ಚಿದಾಗೆಲ್ಲ ಹೊಸದೇ ಹಾಕಬೇಕು."

"ಅಪ್ಪನ ಬೈಕಿಗೆ ಹಾಕಿದ್ಯಾ?"

ನಾನು ಹಗ್ಗದ ಮೇಲೆ ಹಾಕಿದ ಅಂಗಿಯನ್ನು ಎಳೆದೆಳೆದು ಸರಿಮಾಡುತ್ತಿದ್ದೆ. ಮಾವ ಪುಟ್ಟಿಯನ್ನು ಬಿಟ್ಟು ನನ್ನ ಕಡೆ ನೋಡಿ ಮಾತಾಡಿದರು.

"ಆವತ್ತು ನಟ್ಟು ಟೈಟ್ ಮಾಡಿದ್ದು ನೆನಪಿದೆ ಕಣಮ್ಮ. ಪಿನ್ನು ಮೆಟ್ಟಿಲ ಮೇಲೆ ಇಟ್ಟಿದ್ದು ನೆನಪಿದೆ. ಅಷ್ಟರಲ್ಲಿ ಊಟಕ್ಕೆ ಎದ್ದೆ. ಉಂಡು ಬಂದು ಹಾಕಿದೆ. ಹಾಕಿದೆ ಅನ್ಸುತ್ತೆ. ಹಾಕಿರ್ತೀನಿ."

ಅಡುಗೆಮನೆಯಲ್ಲಿ ಪಾತ್ರೆಯೊಂದು ದಡಾರನೆ ಬಿತ್ತು. ಯಾರೂ ಹೋಗಿ ನೋಡಲಿಲ್ಲ.

ಆ ವಾರವೆಲ್ಲ ಮಾವ ರಿಪೇರಿ ಬಿಟ್ಟು ಅಂಗಳದ ಮಣ್ಣು ಜರಡಿ ಹಿಡಿದರು. ನಾನು ಕೆಲಸದಿಂದ ಬರುವಾಗ ಮೆಟ್ಟಿಲ ಪಕ್ಕದಲ್ಲಿ ಅಂಗೈಯಗಲದ ಗುಂಡಿಗಳು. ಹಿಟ್ಟಿನ ಜರಡಿಯಲ್ಲಿ ಮಣ್ಣು ಹಾಕಿ ಅಲ್ಲಾಡಿಸುವುದು, ಉಳಿದದ್ದನ್ನು ಕನ್ನಡಕ ಹಾಕಿಕೊಂಡು ನೋಡುವುದು. ಪುಟ್ಟಿ ಹಳೆಯ ರೇಡಿಯೊದ ಅಯಸ್ಕಾಂತಕ್ಕೆ ದಾರ ಕಟ್ಟಿಕೊಂಡು ಮೋರಿಯಲ್ಲಿ ಇಳಿಬಿಟ್ಟಿದ್ದಳು.

"ಅವರಿಗೆ ಹೇಳು, ನಾಳೆಗೆ ಹಿಟ್ಟು ಜರಡಿ ಹಿಡೀಬೇಕು ಅಂತ," ಎಂದರು ಅತ್ತೆ ಬಾಗಿಲಲ್ಲಿ ನಿಂತು.

"ಹೊಸ ಜರಡಿ ತಂದುಕೊಡ್ತೀನಿ ಅನ್ನು."

"ಯಾತಕ್ಕಂತೆ ಈ ಕೆಲಸ? ಹೊಲ ಉಳ್ತಾರಂತಾ?"

ಮಾವ ಜರಡಿ ಕೆಳಗಿಟ್ಟರು. "ಆವತ್ತು ಎರಡು ಪಿನ್ನು ಇದ್ವು. ಬಿಚ್ಚಿದ್ದು ಹಳೇದೊಂದು, ಅಂಗಡಿಯಿಂದ ತಂದಿದ್ದು ಹೊಸದೊಂದು. ಹೊಸದು ಹಾಕಿದ್ರೆ ನೆಲದ ಮೇಲೆ ಬಿದ್ದಿರಬೇಕಾದ್ದು ಹಳೇದು ಮಾತ್ರ, ಡೊಂಕು ಕಾಲಿಂದು. ನೆಟ್ಟಗಿರೋದು ಸಿಕ್ಕಿದ್ರೆ..." ಅಲ್ಲಿಗೆ ನಿಲ್ಲಿಸಿದರು. ಆಮೇಲೆ ಪುಟ್ಟಿಗೆ, "ಮೋರಿ ಆ ಕಡೆಯೂ ನೋಡಮ್ಮ," ಎಂದರು.

ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆವತ್ತು ಅಡುಗೆ ಆಗಲಿಲ್ಲ. ಬ್ರೆಡ್ಡು ತಿಂದು ಮಲಗಿದೆವು.

ಪಿನ್ನು ಸಿಗಲಿಲ್ಲ. ಮಾವ ಸೊರಗಿದರು. ತಟ್ಟೆಯಲ್ಲಿ ಹಾಕಿದ್ದರಲ್ಲಿ ಅರ್ಧ ಹಾಗೇ ಬಿಡುತ್ತಿದ್ದರು. ಶರ್ಟಿನ ಕಾಲರ್ ಕುತ್ತಿಗೆಗೆ ದೊಡ್ಡದಾಯಿತು. ಅದು ನನಗೆ ಮೊದಲು ಕಂಡಿತು, ದಿನವಿಡೀ ನೋಡುವುದು ಅದನ್ನೇ ತಾನೆ. ಅಂಗಳಕ್ಕೆ ಹೋಗಿ ಬರುವಾಗಲೆಲ್ಲ ಮೆಟ್ಟಿಲ ಹತ್ತಿರ ನಿಂತು ಎರಡು ಬೆರಳು ಜೋಡಿಸಿ ಗಾಳಿಯಲ್ಲಿ ಏನನ್ನೋ ತೂರಿಸಿ ಮಡಚುತ್ತಿದ್ದರು. ಹಾಕಿದ್ದು ಕೈಗೆ ನೆನಪಿರುತ್ತದೇನೋ ಅಂತ ನೋಡುತ್ತಿದ್ದರು ಅಂತ ಕಾಣುತ್ತದೆ.

ಬೈಕು ಮಾತ್ರ ಹೇಗೋ ಎದ್ದು ನಿಲ್ಲುತ್ತಾ ಬಂತು. ಮುಂದಿನ ಫೋರ್ಕನ್ನು ಲೇತ್ ಅಂಗಡಿಯವರು ನೆಟ್ಟಗೆ ಮಾಡಿಕೊಟ್ಟರು. ಐದನೇ ವಾರ ವೈರುಗಳ ಕೆಲಸ ಡ್ರೈವರ್ ವಹಿಸಿಕೊಂಡರು. ಮುಗಿಸಿ, ಕೈ ಒರೆಸಿಕೊಂಡು, ಠೀವಿಯಿಂದ ಬ್ರೇಕ್ ಪೆಡಲ್ ತುಳಿದರು. ಹಾರನ್ ಕೂಗಿತು. ಹಾರನ್ ಒತ್ತಿದರು, ಹಿಂದಿನ ಕೆಂಪು ದೀಪ ಹತ್ತಿತು. ಎದುರುಮನೆಯವರು ಕಿಟಕಿ ತೆಗೆದು ನೋಡಿದರು.

"ಇದು ಒಂಥರಾ ಒಳ್ಳೇದೇ ಭಾವ," ಎಂದರು ಡ್ರೈವರ್. "ಬ್ರೇಕ್ ಹಾಕಿದಾಗೆಲ್ಲ ಎದುರಿಗಿರೋರು ತಾವೇ ಸರೀತಾರೆ."

ಮಾವ ಎದ್ದು ಒಳಗೆ ಹೋದರು. ಡ್ರೈವರ್ ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

ಆರನೇ ಭಾನುವಾರ ಬೆಳಗ್ಗೆ ಮಾವನೂ ಡ್ರೈವರೂ ಹಿಂದಿನ ಬ್ರೇಕಿಗೆ ಬೇಕಾದ ಸಾಮಾನು ತರಲು ಬಿಡಿಭಾಗದ ಅಂಗಡಿಗೆ ಹೋದರು. ಪುಟ್ಟಿಯೂ ಜೊತೆಗೆ ಹೋದಳು. ಚಳಿ ಶುರುವಾಗಿತ್ತು. ಅಟ್ಟದ ಮೇಲಿನ ಕಂಬಳಿ ಬಿಸಿಲಿಗೆ ಹಾಕೋಣವೆಂದು ಸ್ಟೂಲು ಹತ್ತಿದೆ. ಎರಡನೇ ಕಂಬಳಿ ಎಳೆದಾಗ ಮಡಿಕೆಯೊಳಗಿನಿಂದ ಬಿಸ್ಕತ್ತಿನ ಟಿನ್ನು ಜಾರಿ ನೆಲಕ್ಕೆ ಬಿತ್ತು. ಗುಂಡಿಗಳು, ಮೊಳೆಗಳು ಕೋಣೆಯ ತುಂಬ ಉರುಳಿದವು. ಜೊತೆಗೆ ದಿನಪತ್ರಿಕೆಯ ಚೂರಿನಲ್ಲಿ ಸುತ್ತಿ ದಾರ ಕಟ್ಟಿದ ಸಣ್ಣ ಪೊಟ್ಟಣವೊಂದು. ಅದನ್ನು ಎತ್ತಿಕೊಂಡೆ.

ಅತ್ತೆ ಓಡಿ ಬಂದರು. ನೆಲ ನೋಡಿದರು, ನನ್ನ ಕೈ ನೋಡಿದರು.

"ಬಿಚ್ಚಬೇಡ," ಎಂದರು.

"ಏನಿದು ಅತ್ತೆ?"

ಅವರು ಮಂಚದ ಅಂಚಿನಲ್ಲಿ ಕೂತರು. ಹೇಳಲು ಶುರುಮಾಡಿದಾಗ ದನಿ ಎತ್ತಲೂ ಇಲ್ಲ, ಇಳಿಸಲೂ ಇಲ್ಲ, ದಿನಸಿ ಪಟ್ಟಿ ಓದುವಂತೆ ಹೇಳಿದರು.

"ಆ ಭಾನುವಾರ ಸಂಜೆ ಗುಡಿಸುವಾಗ ಮೆಟ್ಟಿಲ ಹತ್ರ ಸಿಕ್ತು. ಏನಕ್ಕಾದ್ರೂ ಬೇಕಾಗುತ್ತೆ ಅಂತ ಡಬ್ಬಿಗೆ ಹಾಕ್ದೆ. ಒಂದು ಮಾತು ಅವರನ್ನ ಕೇಳಲಿಲ್ಲ. ಗುರುವಾರ ಅವನು ಹೋದ. ಪೊಲೀಸ್ ಸ್ಟೇಷನ್ನಲ್ಲಿ ಇವರು ತಮ್ಮಷ್ಟಕ್ಕೇ ಪಿನ್ನು ಪಿನ್ನು ಅಂತ ಗೊಣಗ್ತಿದ್ರು, ಆಗ ನೆನಪಾಯ್ತು. ಮನೆಗೆ ಬಂದು ಕಣ್ಣು ಮುಚ್ಚಿಕೊಂಡು ಕಾಗದದಲ್ಲಿ ಸುತ್ತಿಟ್ಟೆ. ಇವತ್ತಿನವರೆಗೂ ಬಿಚ್ಚಿ ನೋಡಿಲ್ಲ."

"ಅದಕ್ಕೇನಾ ಮಾವನ ಜೊತೆ..."

"ಮತ್ತೆ ಏನಂದ್ಕೊಂಡೆ? ಸಿಟ್ಟು ಅಂದ್ಕೊಂಡ್ಯಾ? ಬಾಯಿ ತೆಗೆದ್ರೆ ಇದೇ ಹೊರಗೆ ಬರುತ್ತೆ ಅಂತ ಭಯ ಕಣೆ. ಅವರು ಮಣ್ಣು ಜರಡಿ ಹಿಡೀತಿದ್ರೆ ನಾನು ಬಾಗಿಲು ಹಾಕ್ಕೊಂಡು ಒಳಗೆ ಕೂತಿದ್ದೆ. ಆವತ್ತು ಅವರನ್ನ ಕೆಲಸದ ಮಧ್ಯೆ ಎಬ್ಬಿಸಿದ್ದು ಯಾರು? ನಾನೇ. ಒಂದ್ಸಲ ಅಲ್ಲ, ಮೂರ್ಸಲ ಕೂಗಿದೆ. ಆರುತ್ತೆ, ಆರುತ್ತೆ ಅಂತ. ಅನ್ನ ಆರಿದ್ರೆ ಏನಾಗ್ತಿತ್ತು ಹೇಳು?"

ಪೊಟ್ಟಣ ನನ್ನ ಅಂಗೈಯಲ್ಲಿ ಏನೂ ತೂಕವಿಲ್ಲದೆ ಕೂತಿತ್ತು.

"ನೀನು ನೋಡು," ಎಂದರು ಅತ್ತೆ. "ತಪ್ಪು ಹುಡುಕೋದೇ ನಿನ್ನ ಕೆಲಸ. ಡೊಂಕಿದೆಯೋ ನೆಟ್ಟಗಿದೆಯೋ ನೋಡಿ ಹೇಳಿಬಿಡು. ಏನಿದ್ರೂ ಹೇಳು. ಇನ್ನು ನನ್ನ ಕೈಲಾಗಲ್ಲ."

"ಇಲ್ಲಿ ಬೆಳಕು ಸಾಲದು," ಎಂದು ಅಂಗಳಕ್ಕೆ ಬಂದೆ.

ಬೈಕಿನ ಹಿಂದೆ, ಗೋಣಿಚೀಲದ ಮೇಲೆ ಕೂತು ದಾರ ಬಿಚ್ಚಿದೆ. ಪಿನ್ನು ಹೊಳೆಯುತ್ತಿತ್ತು. ಎರಡೂ ಕಾಲು ನೆಟ್ಟಗೆ, ಒಂದಕ್ಕೊಂದು ಅಂಟಿಕೊಂಡು, ಅಂಗಡಿಯಿಂದ ಬಂದ ಹಾಗೆಯೇ ಇದ್ದವು. ಎಲ್ಲೂ ಮಡಚಿದ ಗುರುತಿಲ್ಲ. ಉಗುರಿನಲ್ಲಿ ಮುಟ್ಟಿ ನೋಡಿದೆ, ತಿರುಗಿಸಿ ನೋಡಿದೆ. ಕಾಲರ್ ನೋಡುವ ಕಣ್ಣು ನನ್ನದು, ಎರಡನೇ ಸಲ ನೋಡುವ ಅಗತ್ಯವೇ ಇರಲಿಲ್ಲ.

ಮಾವ ಪಿನ್ನು ಹಾಕಿರಲಿಲ್ಲ. ನನ್ನ ಗಂಡ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ್ದಾರೆ, ಬ್ರೇಕ್ ಇರಲಿಲ್ಲ. ಅಷ್ಟೆ.

ಆರು ತಿಂಗಳಲ್ಲಿ ಮೊದಲ ಸಲ ನನಗೆ ಏನೋ ಆಯಿತು. ಅಳುವಲ್ಲ. ಕಾಲಿನಿಂದ ಹಿಡಿದು ಮೈಯೆಲ್ಲ ಉರಿಯುವಂಥ ಸಿಟ್ಟು. ಮೆಟ್ಟಿಲ ಮೇಲೆ ಇಟ್ಟು ಮರೆತರಂತೆ! ಒಂದು ಊಟ, ಒಂದು ಪಿನ್ನು, ನನ್ನ ಗಂಡ. ಬೀದಿಯಲ್ಲಿ ನಿಂತು ಅರಚಬೇಕು ಅನಿಸಿತು. ಕಿಟಕಿಯಲ್ಲಿ ಅತ್ತೆ ನಿಂತಿರುವುದು ಕಂಡಿತು, ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು.

ಪಕ್ಕದಲ್ಲಿ ಇಕ್ಕಳ ಬಿದ್ದಿತ್ತು. ತೆಗೆದುಕೊಂಡೆ. ಬೈಕಿನ ಮರೆಗೆ ಸರಿದು ಪಿನ್ನಿನ ಒಂದು ಕಾಲು ಆ ಕಡೆ ಮಡಚಿದೆ, ಇನ್ನೊಂದು ಈ ಕಡೆ. ಆಮೇಲೆ ತೂತಿನಿಂದ ಕಿತ್ತಂತೆ ಕಾಣಲಿ ಅಂತ ಅರೆಬರೆ ನೆಟ್ಟಗೆ ಮಾಡಿದೆ. ಮೆಟ್ಟಿಲ ಕಲ್ಲಿಗೆ ಉಜ್ಜಿದೆ. ಸುಟ್ಟ ಎಣ್ಣೆಯ ಬಟ್ಟಲಿನಲ್ಲಿ ಅದ್ದಿ, ಮಣ್ಣಿನಲ್ಲಿ ಹೊರಳಿಸಿ, ಒರೆಸಿದೆ. ಯಾಕೆ ಹೀಗೆ ಮಾಡಿದೆ ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಒಳಗೆ ಒಬ್ಬರು ಕಣ್ಣು ಮುಚ್ಚಿ ನಿಂತಿದ್ದರು, ಇನ್ನೊಬ್ಬರ ಕಾಲರ್ ವಾರವಾರಕ್ಕೂ ದೊಡ್ಡದಾಗುತ್ತಿತ್ತು. ಈ ಮನೆಯಲ್ಲಿ ಒಬ್ಬರು ಸತ್ತದ್ದು ಸಾಕು ಅನಿಸಿತು.

ಒಳಗೆ ಹೋಗಿ ಅಂಗೈ ಚಾಚಿದೆ. "ಹಳೇದು ಅತ್ತೆ. ನೋಡಿ, ಕಾಲು ಡೊಂಕಿದೆ."

ಅತ್ತೆ ಕಣ್ಣು ಬಿಟ್ಟರು. ಪಿನ್ನನ್ನು ನೋಡಿದರು. ನನ್ನ ಬೆರಳಿಗೆ ಹತ್ತಿದ್ದ ಕಪ್ಪು ಎಣ್ಣೆಯನ್ನೂ ನೋಡಿದರು.

"ಕೈ ತೊಳ್ಕೊಂಡು ಬಾ," ಎಂದರು. "ಅನ್ನಕ್ಕಿಡಬೇಕು."

ಮಾವ ಬಂದವರೇ ಅಂಗಳದಲ್ಲಿ ಕೂತರು. ಪಟ್ಟಿ ಎತ್ತಿ ಕೂರಿಸಿ, ಹೊಸ ಬೋಲ್ಟು ತೂರಿಸಿ, ನಟ್ಟು ಬಿಗಿ ಮಾಡತೊಡಗಿದರು. ನಾನು ತಟ್ಟೆ ಹಾಕುತ್ತಿದ್ದೆ. ಅತ್ತೆ ಬಾಗಿಲಿಗೆ ಹೋದರು. ಪುಟ್ಟಿ ತನ್ನನ್ನು ಕರೆಯುತ್ತಾರೆಂದು ಓಡಿ ಬಂದಳು.

"ಊಟಕ್ಕೆ ಬನ್ರೀ," ಎಂದರು ಅತ್ತೆ.

ಸ್ಪ್ಯಾನರ್ ನಿಂತಿತು. ಡ್ರೈವರ್ ಬಾಯಿ ತೆರೆದುಕೊಂಡು ಕೂತರು. ಮಾವ ತಿರುಗಿ ನೋಡಿದರು, ಬೇರೆ ಯಾರನ್ನೋ ಕರೆದರೇನೋ ಎಂಬಂತೆ. ಆಮೇಲೆ ಸ್ಪ್ಯಾನರ್ ಕೆಳಗಿಟ್ಟು ಏಳಲು ಹೊರಟರು.

"ಈಗಲೇ ಬೇಡ," ಎಂದರು ಅತ್ತೆ. "ಅದನ್ನ ಮುಗಿಸಿ. ಪಿನ್ನು ಹಾಕಿ ಬನ್ನಿ. ಅನ್ನ ಆರಿದ್ರೆ ಆರ್ಲಿ."

ಮಾವ ಮತ್ತೆ ಕೂತರು. ಪಿನ್ನು ತೂರಿಸಿ ಕಾಲು ಮಡಚಿದರು. "ಡ್ರೈವರೇ, ನೋಡು, ಹಾಕಿದ್ದೀನಿ. ನೋಡಿದ್ಯಾ?" ಅಂದರು. "ಪುಟ್ಟಿ, ನೀನೂ ನೋಡು." ಇಬ್ಬರೂ ಬಗ್ಗಿ ನೋಡಿ ಹೌದು ಅಂದರು. "ನೀನೂ ಒಂದ್ಸಲ ಬಂದು ನೋಡಮ್ಮ," ಅಂತ ನನ್ನನ್ನು ಕರೆದರು. ಹೋಗಿ ಬಗ್ಗಿದೆ. ಸರಿಯಾಗಿತ್ತು. ತಲೆ ಆಡಿಸಿದೆ.

ಊಟಕ್ಕೆ ಕೂತಾಗ ಅತ್ತೆ ಹಳೆಯ ಪಿನ್ನನ್ನು ಮಾವನ ತಟ್ಟೆಯ ಪಕ್ಕ ಇಟ್ಟರು. "ಆವತ್ತು ಗುಡಿಸುವಾಗ ಸಿಕ್ಕಿತ್ತು. ಡಬ್ಬೀಲಿತ್ತು. ನಾನೇ ಹೇಳಲಿಲ್ಲ, ತಪ್ಪಾಯ್ತು. ಡೊಂಕಿದೆ ನೋಡಿ. ಹಳೇದು."

ಮಾವ ಕನ್ನಡಕ ಹಾಕಿಕೊಂಡರು. ಅದನ್ನು ಎತ್ತಿ ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು. ನಾನು ನನ್ನ ತಟ್ಟೆ ನೋಡುತ್ತಿದ್ದೆ.

"ನೀನು ನೋಡಿದ್ಯಾ ಅಮ್ಮ?"

"ನೋಡಿದೆ ಮಾವ."

"ಹಳೇದೇನಾ?"

"ಹಳೇದೇ."

"ನೀನು ನೋಡಿದ ಮೇಲೆ ಸರಿ," ಎಂದರು. ಎದ್ದು ಹೋಗಿ ಪಿನ್ನನ್ನು 'ಹಿಂದಿನ ಬ್ರೇಕು' ಎಂದು ಬರೆದ ಖಾನೆಯಲ್ಲಿ ಹಾಕಿ ಬಂದರು. ಬಂದು ಕೂತವರು ಅಳುತ್ತಲೇ ಉಂಡರು. ಮೂಗು ಒರೆಸಿಕೊಳ್ಳುವುದು, ತುತ್ತು ಬಾಯಿಗಿಡುವುದು. ಅತ್ತೆ "ನಿಧಾನ, ನಿಧಾನ" ಅನ್ನುತ್ತಾ ಬೇಳೆ ಬಡಿಸಿದರು. ಡ್ರೈವರ್ ಇನ್ನೊಂದು ಮೊಟ್ಟೆ ಕೇಳಿದರು. ಮನೆ ಮೊದಲಿನಂತೆ ಸದ್ದು ಮಾಡುತ್ತಿತ್ತು.

ಅತ್ತೆ ನೀರು ತರಲು ಒಳಗೆ ಹೋದರು. ಮಾವನ ತಟ್ಟೆ ಖಾಲಿಯಾಗಿತ್ತು. ಅನ್ನದ ಪಾತ್ರೆ ನನ್ನ ಮುಂದಿತ್ತು, ಸೌಟು ನನ್ನ ಕೈಯಲ್ಲಿತ್ತು. ಮಾವ ನನ್ನ ಕಡೆ ನೋಡಿ ಕಾಯುತ್ತಿದ್ದರು. ನಾನು ಬಾಯಿ ತೆರೆದೆ. ಮತ್ತೆ ಮುಚ್ಚಿಕೊಂಡೆ. ತೆರೆದರೆ ಅದೇ ಹೊರಗೆ ಬರುತ್ತದೆ ಅನಿಸಿತು.

"ಪುಟ್ಟಿ," ಎಂದೆ. "ತಾತಂಗೆ ಕೇಳು, ಅನ್ನ ಬೇಕಾ ಅಂತ."